ಹಿಂದಿನ ಸೀಟಿನ ಪುಟ್ಟ ಪ್ರಯಾಣಿಕರು
– ಒಬ್ಬ ತಾಯಿ, ದೇರಾ

"ಅಮ್ಮಾ, ಇನ್ನೂ ಎಷ್ಟು ದೂರ?"

ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ ಯಾವ ತಂದೆ ತಾಯಿಯೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿರಲಾರರು. ಮುರಕ್ಕಬಾತಿನ ನಮ್ಮ ಕಟ್ಟಡದ ಪಾರ್ಕಿಂಗಿನಿಂದ ಕಾರು ಹೊರಗೆ ಬರುವ ಮೊದಲೇ ನಮ್ಮ ಮನೆಯಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಕ್ಲಾಕ್ ಟವರ್ ತಲುಪುವಷ್ಟರಲ್ಲಿ ನೀರು ಬೇಕು. ಅಲ್ಲಿಂದ ಮುಂದೆ ಅಕ್ಕ ಮುಟ್ಟಿದಳು, ತಮ್ಮ ಚಿವುಟಿದ ಎಂಬ ದೂರು. ಇತಿಹಾದ್ ರಸ್ತೆಯಲ್ಲಿ ವಾಹನಗಳ ಸಾಲು ನಿಂತಿತೆಂದರೆ ಅಳು. ಕೊನೆಗೆ ನಾವೆಲ್ಲರೂ ಮಾಡುವುದು ಒಂದೇ ಕೆಲಸ: ಕೈಚೀಲದಿಂದ ಫೋನ್ ತೆಗೆದು ಹಿಂದಕ್ಕೆ ಕೊಡುವುದು. ತಕ್ಷಣ ಕಾರಿನೊಳಗೆ ಶಾಂತಿ ನೆಲೆಸುತ್ತದೆ. ಆದರೆ ಅದು ಎಂತಹ ಶಾಂತಿ? ಅದಕ್ಕೆ ನಾವು ಕೊಡುವ ಬೆಲೆ ಎಷ್ಟು? ಈ ಲೇಖನದಲ್ಲಿ ನಾನು ಕೇಳಬಯಸುವುದು ಇದನ್ನೇ.

ಪ್ರಿಯ ಪೋಷಕರೇ, ನಾನು ಬೋಧನೆ ಮಾಡಲು ಕುಳಿತವಳಲ್ಲ. ನನ್ನಿಂದಾದ ಒಂದು ತಪ್ಪನ್ನು ಹೇಳಿಯೇ ಮಾತು ಮುಂದುವರಿಸುತ್ತೇನೆ.

ಕಳೆದ ಚಳಿಗಾಲದ ಒಂದು ಶನಿವಾರ ಸಂಜೆ. ಮನೆಯವರು ಡ್ಯೂಟಿಯಲ್ಲಿದ್ದರು. ಎರಡನೇ ತರಗತಿಯ ಮಗಳನ್ನೂ ಮೂರು ವರ್ಷದ ಮಗನನ್ನೂ ಹಿಂದೆ ಕೂರಿಸಿಕೊಂಡು ಶಾರ್ಜಾದಲ್ಲಿರುವ ನನ್ನ ತಮ್ಮನ ಮನೆಗೆ ಹೊರಟಿದ್ದೆ. ದೂರ ಹದಿನೈದು ಕಿಲೋಮೀಟರಿಗಿಂತ ಹೆಚ್ಚಿಲ್ಲ, ಆದರೆ ಸಂಜೆಯ ಹೊತ್ತು ಅದು ಒಂದು ಗಂಟೆಯ ದಾರಿ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಮಗ ಹಠ ಹಿಡಿದ, ನಾನು ಫೋನ್ ಕೊಟ್ಟೆ. ಅಲ್ ಮುಲ್ಲಾ ಪ್ಲಾಜಾ ದಾಟಿದ ಮೇಲೆ ದಾರಿ ಸ್ವಲ್ಪ ಬಿಡುವಾಯಿತು, ಕಾರಿನ ವೇಗವೂ ಹೆಚ್ಚಿತು. ಆಗಲೇ ಫೋನ್ ಅವನ ಕೈಯಿಂದ ಜಾರಿ ನನ್ನ ಸೀಟಿನ ಕೆಳಗೆ ಬಿತ್ತು. ಅವನು ಕಿರುಚಿದ ರೀತಿಗೆ ಏನೋ ಪೆಟ್ಟಾಯಿತೆಂದು ತಿಳಿದು ನಾನು ಹಿಂದೆ ತಿರುಗಿ, ಒಂದು ಕೈಯಿಂದ ಸೀಟಿನ ಕೆಳಗೆ ತಡಕಾಡಿದೆ.

"ಅಮ್ಮಾ, ಮುಂದೆ!" ಎಂದು ಮಗಳು ಕೂಗಿದಳು.

ಮುಂದಿನ ಕಾರು ನಿಂತಿತ್ತು. ಬ್ರೇಕ್ ಒತ್ತಿದೆ. ನಮ್ಮ ಕಾರಿಗೂ ಅದಕ್ಕೂ ನಡುವೆ ಒಂದು ಮೊಳದಷ್ಟು ಜಾಗ ಉಳಿದಿತ್ತು. ಹಿಂದಿನಿಂದ ಬರುತ್ತಿದ್ದವರು ಎಚ್ಚರವಾಗಿದ್ದರು, ಹಾಗಾಗಿ ನಾವು ಬದುಕಿದೆವು. ಸೀಟಿನ ಕೆಳಗೆ ಫೋನಿನಲ್ಲಿ ಕಾರ್ಟೂನು ಇನ್ನೂ ಓಡುತ್ತಲೇ ಇತ್ತು.

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಹಿಂದೆ ತಿರುಗಿದರೆ 44 ಮೀಟರ್ ದೂರವನ್ನು ಕಣ್ಣು ಮುಚ್ಚಿಕೊಂಡು ಓಡಿಸಿದಂತೆ. ಈ ದೇಶದಲ್ಲಿ ಚಾಲನೆ ಮಾಡುತ್ತಾ ಫೋನ್ ಹಿಡಿದರೆ 800 ದಿರ್ಹಮ್ ದಂಡ ಮತ್ತು 4 ಕಪ್ಪು ಅಂಕಗಳಿವೆ. ಆ ಭಯಕ್ಕೆ ನಾನು ಸ್ಟಿಯರಿಂಗ್ ಹಿಡಿದಾಗ ಫೋನ್ ಮುಟ್ಟುವವಳಲ್ಲ. ಆದರೆ ಮಗುವಿನ ಕೈಯಲ್ಲಿದ್ದ ಫೋನ್ ನನ್ನ ಗಮನವನ್ನು ಅಷ್ಟೇ ಕದ್ದಿತು. ಮಕ್ಕಳನ್ನು ಸುಮ್ಮನಿರಿಸುವುದು ಕೇವಲ ನಮ್ಮ ತಲೆನೋವಿನ ವಿಷಯವಲ್ಲ, ಅದು ಕಾರಿನಲ್ಲಿರುವ ಎಲ್ಲರ ಜೀವದ ವಿಷಯ ಎಂದು ನನಗೆ ಅರ್ಥವಾದದ್ದು ಅಂದು.

ಮೊದಲು ಸೀಟು, ಆಮೇಲೆ ಆಟ

ಮಗು ಸಮಾಧಾನದಿಂದ ಇರಬೇಕಾದರೆ ಮೊದಲು ಅದು ಸರಿಯಾಗಿ ಕುಳಿತಿರಬೇಕು. ನಮ್ಮವರಲ್ಲಿ ಈಗಲೂ ಒಂದು ರೂಢಿಯಿದೆ. ಮಗು ಅತ್ತರೆ ಸಾಕು, ಬೆಲ್ಟ್ ಬಿಚ್ಚಿ ಮಡಿಲಲ್ಲಿ ಕೂರಿಸಿಕೊಳ್ಳುವುದು. "ನಾವೆಲ್ಲ ಹಾಗೆಯೇ ಬೆಳೆದವರಲ್ಲವೇ, ನಮಗೇನಾಯಿತು?" ಎಂದು ಊರಿನಿಂದ ಬಂದ ಹಿರಿಯರು ಕೇಳುತ್ತಾರೆ. ನಿಜ, ನಾನೂ ಹಾಗೆಯೇ ಬೆಳೆದವಳು. ಬೆಳ್ಮಣ್ಣಿನಿಂದ ಧರ್ಮಸ್ಥಳಕ್ಕೆ ಒಂದೇ ಅಂಬಾಸಿಡರ್ ಕಾರಿನಲ್ಲಿ ಒಂಬತ್ತು ಜನ ಹೋದದ್ದು ನನಗೆ ನೆನಪಿದೆ. ನಾನು ಅಜ್ಜಿಯ ಮಡಿಲಲ್ಲಿದ್ದೆ. ಆದರೆ ಆ ದಾರಿ ಬೇರೆ, ಆ ವೇಗ ಬೇರೆ. ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ ಬೇರೆ.

ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಕ್ಷಣಾರ್ಧದಲ್ಲಿ ನಿಂತರೆ, ಹತ್ತು ಕಿಲೋ ತೂಕದ ಮಗು ತಾಯಿಯ ತೋಳಿಗೆ ನೂರು ಕಿಲೋಗಿಂತಲೂ ಹೆಚ್ಚಿನ ಭಾರವಾಗುತ್ತದೆ. ಎಂತಹ ಪ್ರೀತಿಯ ತೋಳಾದರೂ ಅದನ್ನು ಹಿಡಿದುಕೊಳ್ಳಲಾರದು. ಆದ್ದರಿಂದಲೇ ಯುಎಇಯಲ್ಲಿ 2017ರ ಜುಲೈ 1ರಿಂದ ನಾಲ್ಕು ವರ್ಷದ ವರೆಗಿನ ಮಕ್ಕಳಿಗೆ ವಿಶೇಷ ಸೀಟು ಕಡ್ಡಾಯವಾಯಿತು. ಹಿಂದೆ ಕುಳಿತವರೂ ಸೇರಿ ಎಲ್ಲರೂ ಬೆಲ್ಟ್ ಹಾಕಬೇಕೆಂಬ ನಿಯಮವೂ ಆಗಲೇ ಬಂತು. ಹತ್ತು ವರ್ಷದೊಳಗಿನ ಮಕ್ಕಳು ಮುಂದಿನ ಸೀಟಿನಲ್ಲಿ ಕೂರುವಂತಿಲ್ಲ. ನಮ್ಮ ದೇಶದಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ವಿಧಿಸಿದೆ. ರಜೆಯಲ್ಲಿ ಊರಿಗೆ ಹೋದಾಗ ನಾವು ಇದನ್ನು ಮರೆಯುತ್ತೇವೆ. ದುಬೈಯಲ್ಲಿ ಬೆಲ್ಟ್ ಹಾಕಿ ಕುಳಿತ ಮಗು ಬಜ್ಪೆ ವಿಮಾನ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಕಿಟಕಿಯಲ್ಲಿ ತಲೆ ಹಾಕುತ್ತದೆ. ಮಗುವಿನ ತಲೆ ಎರಡೂ ದೇಶಗಳಲ್ಲಿ ಒಂದೇ ಅಲ್ಲವೇ?

ಇನ್ನೊಂದು ಮಾತು. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಬೆಲ್ಟಿನ ಕೊಂಡಿ ಚರ್ಮ ಸುಡುವಷ್ಟು ಕಾಯುತ್ತದೆ. ಸೀಟಿನಲ್ಲಿ ಕೂರಿಸಿದೊಡನೆ ಮಗು ಅಳುವುದು ಎಷ್ಟೋ ಸಲ ಹಠಕ್ಕಲ್ಲ, ಅದಕ್ಕೆ ಸುಟ್ಟಿರುತ್ತದೆ. ಐದು ನಿಮಿಷ ಮೊದಲೇ ಹೋಗಿ ಏಸಿ ಹಾಕಿ, ಕೊಂಡಿಯನ್ನು ನಮ್ಮ ಕೈಯಿಂದ ಮುಟ್ಟಿ ನೋಡಿ, ಆಮೇಲೆ ಮಗುವನ್ನು ಕೂರಿಸಿದರೆ ಅರ್ಧ ಅಳು ಅಲ್ಲಿಯೇ ನಿಲ್ಲುತ್ತದೆ. ಹಾಗೆಯೇ "ಎರಡೇ ನಿಮಿಷ, ಖುಬ್ಬೂಸ್ ತಗೊಂಡು ಬರ್ತೇನೆ" ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯುವುದು ಎಂದಿಗೂ ಬೇಡ. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು ಹತ್ತು ಡಿಗ್ರಿ ಏರುತ್ತದೆ. ಹೊರಗೇ 45 ಡಿಗ್ರಿ ಇರುವ ಊರು ನಮ್ಮದು. ಮಕ್ಕಳನ್ನು ಹೀಗೆ ನಿರ್ಲಕ್ಷಿಸುವುದು ಇಲ್ಲಿ 2016ರ ವದೀಮಾ ಕಾನೂನಿನ ಪ್ರಕಾರ ಅಪರಾಧವೂ ಹೌದು.

ಫೋನ್ ಕೊಟ್ಟರೆ ಏನಾಗುತ್ತದೆ?

ಫೋನ್ ಎಂದರೆ ಪಾಪ ಎಂದು ನಾನು ಹೇಳುವುದಿಲ್ಲ. ದಿನವಿಡೀ ದುಡಿದು ಬಂದ ತಂದೆ, ರಾತ್ರಿ ಅಬುಧಾಬಿಯಿಂದ 150 ಕಿಲೋಮೀಟರು ಹಿಂತಿರುಗುವಾಗ ಅಳುವ ಮಗುವಿಗೆ ಅರ್ಧ ಗಂಟೆ ಕಾರ್ಟೂನು ತೋರಿಸಿದರೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಮೂರು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಮೊದಲನೆಯದು ವಾಂತಿ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಪ್ರಯಾಣದ ವಾಕರಿಕೆ ಹೆಚ್ಚು. ಒಳಕಿವಿಯು "ನಾವು ಚಲಿಸುತ್ತಿದ್ದೇವೆ" ಎಂದು ಮೆದುಳಿಗೆ ಹೇಳುತ್ತದೆ. ತಗ್ಗಿಸಿದ ಕಣ್ಣು ನಿಂತ ಪರದೆಯನ್ನು ನೋಡಿ "ಇಲ್ಲ, ನಾವು ಕುಳಿತಲ್ಲೇ ಇದ್ದೇವೆ" ಎನ್ನುತ್ತದೆ. ಈ ಎರಡರ ಜಗಳದಲ್ಲಿ ಹೊಟ್ಟೆ ತೊಳೆಸುತ್ತದೆ. ಹತ್ತಾದ ಬೆಟ್ಟದ ದಾರಿಯಲ್ಲಿ ಆಗುವುದೂ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಆಗುವುದೂ ಇದೇ. ತಲೆಯೆತ್ತಿ ದೂರದ ಬೆಟ್ಟವನ್ನು ನೋಡುವ ಮಗುವಿಗೆ ತೊಂದರೆ ಕಡಿಮೆ. ನಾವು ಸುಮ್ಮನಿರಲೆಂದು ಕೊಟ್ಟ ಫೋನೇ ಎಷ್ಟೋ ಸಲ ಅಳುವಿಗೆ ಕಾರಣ.

ಎರಡನೆಯದು ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಸಲಹೆಗಳನ್ನು ಪ್ರಕಟಿಸಿತು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಹೇಳಿತು. ಚಿಕ್ಕ ಮಕ್ಕಳನ್ನು ಒಂದೇ ಕಡೆ ಕಟ್ಟಿ ಕೂರಿಸುವುದು ಒಮ್ಮೆಗೆ ಒಂದು ಗಂಟೆ ಮೀರಬಾರದು ಎಂದೂ ಅದರಲ್ಲಿದೆ. ದೊಡ್ಡವರ ಬೆನ್ನು ಎರಡು ಗಂಟೆ ತಡೆಯಬಹುದು, ಮೂರು ವರ್ಷದ ಕಾಲು ತಡೆಯದು. ಅಬುಧಾಬಿಗಾಗಲಿ ಅಲ್ ಐನ್‌ಗಾಗಲಿ ಹೋಗುವಾಗ ಗಂಟೆಗೊಮ್ಮೆ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ಕೈ ಹಿಡಿದು ಐದು ನಿಮಿಷ ನಡೆಸಿದರೆ ಕಳೆದ ಐದು ನಿಮಿಷ ಆಮೇಲಿನ ನೆಮ್ಮದಿಯಲ್ಲಿ ಮರಳಿ ಸಿಗುತ್ತದೆ.

ಮೂರನೆಯದು, ನನ್ನ ಪಾಲಿಗೆ ದೊಡ್ಡದು, ಮಾತು. ಈ ಊರಿನಲ್ಲಿ ಅಪ್ಪ ಅಮ್ಮ ಮಕ್ಕಳು ಒಂದೇ ಜಾಗದಲ್ಲಿ ಒಂದು ಗಂಟೆ ಒಟ್ಟಿಗೆ ಕೂರುವುದು ಎಷ್ಟು ಸಲ? ಮಕ್ಕಳು ಬೆಳಗಿನ ಕತ್ತಲಲ್ಲಿ ಶಾಲೆಯ ಬಸ್ಸು ಹತ್ತುತ್ತಾರೆ. ತಂದೆ ಬರುವಾಗ ಅವರು ಮಲಗಿರುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಹಿಂದಿ, ಲಿಫ್ಟಿನಲ್ಲಿ ಮಲಯಾಳ. ಇನ್ನು ಕನ್ನಡಕ್ಕೆ ಉಳಿದ ಜಾಗ ಯಾವುದು? ನಮ್ಮ ಮನೆಯಲ್ಲಿ ಅದು ಕಾರು. 2022ರಿಂದ ವಾರದ ರಜೆ ಶನಿವಾರ ಭಾನುವಾರಕ್ಕೆ ಬದಲಾದ ಮೇಲೆ ನಾವು ನಾಲ್ವರೂ ಒಟ್ಟಿಗೆ ಹೊರಗೆ ಹೋಗುವುದು ಆ ದಿನಗಳಲ್ಲಿ ಮಾತ್ರ. ಆ ಒಂದು ಗಂಟೆಯನ್ನೂ ನಾಲ್ಕು ಫೋನುಗಳಿಗೆ ಹಂಚಿಕೊಟ್ಟರೆ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಯಾರನ್ನು ದೂರೋಣ?

ನಾವು ಮಾಡಿ ನೋಡಿದ್ದು

ಅಂದಿನ ಘಟನೆಯ ಬಳಿಕ ನಮ್ಮ ಕಾರಿನಲ್ಲಿ ಕೆಲವು ಪದ್ಧತಿಗಳನ್ನು ತಂದೆವು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಖರ್ಚಿಲ್ಲ.

ನಂಬರ್ ಪ್ಲೇಟಿನ ಲೆಕ್ಕ: ಮುಂದಿನ ಕಾರಿನ ಅಂಕೆಗಳನ್ನು ಮಗ ಕನ್ನಡದಲ್ಲಿ ಓದಬೇಕು, ಮಗಳು ಕೂಡಿಸಬೇಕು. ಒಮಾನಿನದೋ ಸೌದಿಯದೋ ಪ್ಲೇಟು ಕಂಡರೆ ಹತ್ತು ಅಂಕ ಹೆಚ್ಚು. ಸಾಲಿಕ್ ಗೇಟು ಮೊದಲು ಕಂಡವರಿಗೆ ಐದು. ದುಡ್ಡು ಹೋಗುವುದು ನಮ್ಮದು, ಖುಷಿ ಮಾತ್ರ ಅವರದು!

ವಿಮಾನದ ಆಟ: ದೇರಾದವರಿಗೆ ಆಕಾಶದಲ್ಲಿ ವಿಮಾನಕ್ಕೆ ಬರವಿಲ್ಲ. ಗರ್ಹೂದ್ ಕಡೆಗೆ ಹೋಗುವಾಗ ತಲೆಯ ಮೇಲೆಯೇ ಇಳಿಯುತ್ತವೆ. ಅದು ಎಲ್ಲಿಂದ ಬಂತು, ಒಳಗೆ ಯಾರಿದ್ದಾರೆ, ಅವರ ಪೆಟ್ಟಿಗೆಯಲ್ಲಿ ಏನಿದೆ ಎಂದು ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಬೇಕು. ಮಂಗಳೂರಿನಿಂದ ಬಂದ ವಿಮಾನವಾದರೆ ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳ ಇದ್ದೇ ಇರುತ್ತದೆ ಎಂಬುದು ಮಗಳ ತೀರ್ಮಾನ.

ಬಸ್ಸಿನ ಆಟ: ಮಗ ಕಂಡಕ್ಟರ್. ಬಜ್ಪೆ, ಕಟೀಲು, ಕಿನ್ನಿಗೋಳಿ, ಮುಂಡ್ಕೂರು, ಬೆಳ್ಮಣ್ ಎಂದು ಅಜ್ಜಿಯ ಮನೆಯ ದಾರಿಯನ್ನು ಕೂಗುತ್ತಾನೆ. ಸಿಗ್ನಲ್ ಹಸಿರಾದ ಕೂಡಲೇ "ರೈಟ್, ಪೋಯಿ!" ಎನ್ನಬೇಕು. ಕೆಂಪು ದೀಪಕ್ಕೆ ಈಗ ನಮ್ಮ ಕಾರಿನಲ್ಲಿ ಯಾರಿಗೂ ಸಿಟ್ಟಿಲ್ಲ. ಮೂರು ವರ್ಷದ ಮಗುವಿಗೆ ತನ್ನ ಊರಿನ ದಾರಿ ಬಾಯಿಪಾಠವಾಯಿತು.

ಒಗಟು: ನಮಗೆ ಗೊತ್ತಿದ್ದ ಒಗಟುಗಳು ಎರಡೇ ವಾರದಲ್ಲಿ ಮುಗಿದವು. ಆಮೇಲೆ ಮಕ್ಕಳೇ ಕಟ್ಟಲು ತೊಡಗಿದರು. "ಮೂರು ಕಣ್ಣಿದೆ, ತೆಂಗಿನಕಾಯಿ ಅಲ್ಲ. ಕೆಂಪಗೆ ನೋಡಿದರೆ ಎಲ್ಲರೂ ನಿಲ್ಲುತ್ತಾರೆ" ಎಂದು ಮಗಳು ಕೇಳಿದ ದಿನ ಮನೆಯವರು ಉತ್ತರ ಗೊತ್ತಿದ್ದೂ ಮೂರು ಸಿಗ್ನಲ್ ದಾಟುವ ತನಕ ಸೋತಂತೆ ನಟಿಸಿದರು.

ಅಜ್ಜಿಯ ಕಥೆ: ಇದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು. ಊರಿನಲ್ಲಿರುವ ನನ್ನ ಅಮ್ಮನಿಗೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳುಹಿಸಲು ನನ್ನ ಅಕ್ಕನ ಮಗ ಕಲಿಸಿಕೊಟ್ಟ. ಅವರು ವಾರಕ್ಕೊಂದು ಕಥೆ ಹೇಳಿ ಕಳುಹಿಸುತ್ತಾರೆ. ಕಾಗಕ್ಕ ಗುಬ್ಬಕ್ಕನ ಕಥೆ, ತಾವು ಚಿಕ್ಕವರಿದ್ದಾಗ ಹೊಳೆ ದಾಟಿದ ಕಥೆ, ನಾನು ಶಾಲೆಗೆ ಚಕ್ಕರ್ ಹಾಕಿದ ಕಥೆ. ಹೊರಡುವ ಮೊದಲೇ ಅದನ್ನು ಕಾರಿನ ಸ್ಪೀಕರಿಗೆ ಜೋಡಿಸಿಡುತ್ತೇನೆ. ಕಣ್ಣು ಕಿಟಕಿಯ ಹೊರಗೆ, ಕಿವಿ ಅಜ್ಜಿಯ ಕಡೆಗೆ. ನಡುವೆ ಅಮ್ಮ "ಕೇಳ್ತಾ ಇದ್ದೀಯಾ ಮಗಾ?" ಎನ್ನುತ್ತಾರೆ. ಮಗ ಪ್ರತಿಸಲವೂ "ಹೂಂ ಅಜ್ಜಿ" ಎಂದು ಗಟ್ಟಿಯಾಗಿ ಉತ್ತರಿಸುತ್ತಾನೆ. ಅದು ಅಜ್ಜಿಗೆ ಕೇಳಿಸುವುದಿಲ್ಲ ಎಂದು ಅವನಿಗೆ ನಾವಿನ್ನೂ ಹೇಳಿಲ್ಲ. ಫೋನ್ ಎಂಬುದು ಕೆಟ್ಟ ವಸ್ತುವಲ್ಲ, ಅದರಿಂದ ಏನು ತೆಗೆಯುತ್ತೇವೆ ಎಂಬುದೇ ಮುಖ್ಯ ಎಂದು ನನಗೆ ಅನಿಸಿದ್ದು ಆಗ.

ತಿಂಡಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಹೊರಡುವ ಮುನ್ನ ಹೊಟ್ಟೆ ಬಿರಿಯುವಂತೆ ತಿನ್ನಿಸುವುದೂ ಬೇಡ, ಖಾಲಿ ಹೊಟ್ಟೆಯೂ ಬೇಡ. ಓಡುವ ಕಾರಿನಲ್ಲಿ ಚಿಕ್ಕವರಿಗೆ ಕಡಲೆಬೀಜ, ಗಟ್ಟಿ ಮಿಠಾಯಿ, ಇಡೀ ದ್ರಾಕ್ಷಿ ಕೊಡಬಾರದು. ಗಂಟಲಲ್ಲಿ ಸಿಕ್ಕಿಕೊಂಡರೆ ಮುಂದೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಇಡ್ಲಿಯ ತುಂಡು, ಬಾಳೆಹಣ್ಣು ಸಾಕು. ಸಿಪ್ಪೆಯನ್ನು ಕಿಟಕಿಯಿಂದ ಎಸೆಯದೆ ಒಂದು ಚೀಲದಲ್ಲಿ ಹಾಕಲು ಮಕ್ಕಳಿಗೇ ಹೇಳಿ. ಹೊರಗೆ ಎಸೆದರೆ ಇಲ್ಲಿ ಸಾವಿರ ದಿರ್ಹಮ್ ದಂಡ ಎಂದು ತಿಳಿದ ದಿನದಿಂದ ನಮ್ಮ ಮಗಳು ಚೀಲದ ಕಾವಲುಗಾರಳಾಗಿದ್ದಾಳೆ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಮಗು ಅಳುತ್ತದೆ. ಆಗ ಮಾಡಬೇಕಾದ್ದು ಒಂದೇ. ಹಿಂದೆ ತಿರುಗದೆ, ಗದರದೆ, ಮುಂದಿನ ಎಕ್ಸಿಟ್‌ನಲ್ಲಿ ಹೊರಗೆ ಹೋಗಿ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸುವುದು. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬಾರದು. ತಮ್ಮನ ಮನೆಗೆ ಹತ್ತು ನಿಮಿಷ ತಡವಾದರೆ ಅತ್ತಿಗೆ ನಾದಿನಿಯರಲ್ಲಿ ಜಗಳವೇನೂ ಆಗುವುದಿಲ್ಲ. ಒಂದು ವೇಳೆ ಆದರೂ ಅದು ಸರಿಹೋಗುವಂಥದ್ದು.

ಮತ್ತೆ, ಪ್ರತಿ ನಿಮಿಷವೂ ಮಕ್ಕಳನ್ನು ರಂಜಿಸಬೇಕೆಂಬ ನಿಯಮವೂ ಇಲ್ಲ. ಬೇಸರವೆಂಬುದು ರೋಗವಲ್ಲ. ಖೋರ್‌ಫಕ್ಕಾನ್ ದಾರಿಯಲ್ಲಿ ಸುರಂಗದಿಂದ ಸುರಂಗಕ್ಕೆ ಹೋಗುವಾಗ ಮಗ ಅರ್ಧ ಗಂಟೆ ಒಂದೂ ಮಾತಾಡದೆ ಕುಳಿತಿದ್ದ. ಏನಾದರೂ ಆಟ ಶುರುಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ಅವನೇ ಕೇಳಿದ, "ಅಮ್ಮಾ, ಬೆಟ್ಟಕ್ಕೆ ತೂತು ಮಾಡಿದರೆ ಅದಕ್ಕೆ ನೋಯೋದಿಲ್ವಾ?" ಫೋನ್ ಕೊಟ್ಟಿದ್ದರೆ ಈ ಪ್ರಶ್ನೆ ನನಗೆ ಸಿಗುತ್ತಿರಲಿಲ್ಲ.

ಅಣ್ಣ ಅಕ್ಕಂದಿರಿಗೆ ಒಂದು ಮಾತು

ಪ್ರೀತಿಯ ವಿದ್ಯಾರ್ಥಿಗಳೇ, ಈ ಪತ್ರಿಕೆಯನ್ನು ಓದುವ ನಿಮ್ಮಲ್ಲಿ ಹಲವರಿಗೆ ಪುಟ್ಟ ತಮ್ಮನೋ ತಂಗಿಯೋ ಇರಬಹುದು. ಮುಂದೆ ಕುಳಿತ ಅಪ್ಪ ಅಮ್ಮ ಕಾರಿನ ಚಾಲಕರಾದರೆ ಹಿಂದಿನ ಸೀಟಿನ ನಾಯಕರು ನೀವು. ನಿಮ್ಮ ಬೆಲ್ಟ್ ನೀವು ಮೊದಲು ಹಾಕಿದರೆ ಚಿಕ್ಕವರು ತಾವಾಗಿಯೇ ಹಾಕಿಕೊಳ್ಳುತ್ತಾರೆ. ಬಿದ್ದ ಆಟಿಕೆಯನ್ನು ಕೊಡಿ ಎಂದು ಅಪ್ಪನನ್ನು ಕರೆಯಬೇಡಿ. ಬೆಲ್ಟ್ ಬಿಚ್ಚಿ ನೀವೂ ಬಗ್ಗಬೇಡಿ. ಕಾರು ನಿಲ್ಲುವ ತನಕ ಅದು ಅಲ್ಲಿಯೇ ಇರಲಿ. ತಮ್ಮ ಅತ್ತರೆ ನಿಮ್ಮ ಹೆಡ್‌ಫೋನ್ ತೆಗೆದು ಅವನಿಗೊಂದು ಕಥೆ ಹೇಳಿ. ಅಂದು ನನ್ನ ಮಗಳ ಕಣ್ಣು ರಸ್ತೆಯ ಮೇಲಿತ್ತು. ಅವಳ ಕೈಯಲ್ಲಿಯೂ ಒಂದು ಫೋನ್ ಇದ್ದಿದ್ದರೆ "ಅಮ್ಮಾ, ಮುಂದೆ!" ಎಂದು ಕೂಗುವವರು ಯಾರು?

ಕೆಲವೊಮ್ಮೆ ಕಾರನ್ನೇ ಬಿಟ್ಟು ಹೊರಡಲು ಅಪ್ಪನಿಗೆ ಹೇಳಿ. ಒಂದು ದಿರ್ಹಮಿನ ಅಬ್ರಾದಲ್ಲಿ ದೇರಾದಿಂದ ಬರ್ ದುಬೈಗೆ ಖಾಡಿ ದಾಟುವಾಗ ಅಳುವ ಮಗುವನ್ನು ನಾನಂತೂ ಈವರೆಗೆ ಕಂಡಿಲ್ಲ. ಮೆಟ್ರೋದ ಕಿಟಕಿಯೂ ಅಷ್ಟೇ ಚೆಂದ.

ಪೋಷಕರೇ, ನಾವು ಊರು ಬಿಟ್ಟು ಇಲ್ಲಿ ದುಡಿಯುತ್ತಿರುವುದು ಈ ಮಕ್ಕಳಿಗಾಗಿ. ಅವರಿಗೆ ಒಳ್ಳೆಯ ಶಾಲೆ, ಒಳ್ಳೆಯ ಬಟ್ಟೆ, ಒಳ್ಳೆಯ ಕಾರು ಎಲ್ಲವನ್ನೂ ಕೊಡಿಸಿದ್ದೇವೆ. ಆ ಕಾರಿನೊಳಗೆ ನಮ್ಮ ಮಾತನ್ನೂ ಸ್ವಲ್ಪ ಕೊಡೋಣ. ಈ ವಾರಾಂತ್ಯ ಹೊರಡುವಾಗ ಫೋನನ್ನು ಒಂದು ಅರ್ಧ ಗಂಟೆ ಕೈಚೀಲದಲ್ಲಿಯೇ ಬಿಟ್ಟು ನೋಡಿ. ಮೊದಲ ಹತ್ತು ನಿಮಿಷ ಕಷ್ಟ, ಅದನ್ನು ಅನುಭವದಿಂದ ಹೇಳುತ್ತಿದ್ದೇನೆ. ಆಮೇಲೆ ಹಿಂದಿನ ಸೀಟಿನಿಂದ ಒಂದು ಪ್ರಶ್ನೆ ಬರುತ್ತದೆ. ರಸ್ತೆಯಿಂದ ಕಣ್ಣು ತೆಗೆಯದೆ ಅದಕ್ಕೆ ಉತ್ತರ ಕೊಡಿ, ಕನ್ನಡದಲ್ಲಿ.

ಎಲ್ಲರ ಪ್ರಯಾಣವೂ ಸುಖಕರವಾಗಲಿ.